ಕಾಗದದ ಹೂವಿನ ಮೇಲೆ ಬಿದ್ದ ಬಿಸಿಲು

ಚಲನಚಿತ್ರವೊಂದನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ, ಕಣ್ಣು ಮುಚ್ಚಿ ಕುಳಿತವರಿಗೆ ಸಂಜೆಯ ಬಾನನ್ನು ಬಣ್ಣಿಸಿದಂತೆ. ಅದರಲ್ಲಿಯೂ ನಾನು ಆರಿಸಿಕೊಂಡಿರುವ ಚಿತ್ರದ ಅತ್ಯುತ್ತಮ ದೃಶ್ಯದಲ್ಲಿ ಪಾತ್ರಗಳು ಒಂದು ಮಾತನ್ನೂ ಆಡುವುದಿಲ್ಲ. ಅಲ್ಲಿ ಮಾತನಾಡುವುದು ಬೆಳಕು. ಹೀಗಿದ್ದೂ ಈ ಸಾಹಸಕ್ಕೆ ಒಪ್ಪಿಕೊಂಡಿದ್ದೇನೆ. ಕಾರಣ ಇಷ್ಟೆ: ಈ ಚಿತ್ರದ ವಿಷಯದಲ್ಲಿ ನಾನು ಹಿಂದೊಮ್ಮೆ ತಪ್ಪು ತೀರ್ಪು ಕೊಟ್ಟೆ. ಅದೂ ತರಗತಿಯಲ್ಲಿ, ತುಂಬಿದ ವಿದ್ಯಾರ್ಥಿಗಳ ಮುಂದೆ, ಮೇಷ್ಟರ ಗತ್ತಿನಿಂದ. ಹತ್ತು ಜನರ ಎದುರಿಗೆ ಆಡಿದ ತಪ್ಪನ್ನು ಒಬ್ಬನೇ ಮನೆಯಲ್ಲಿ ಕುಳಿತು ತಿದ್ದಿಕೊಂಡರೆ ಸಾಲದು ಎಂಬುದು ನಮ್ಮ ಹಿರಿಯರ ಮಾತು.

ಚಿತ್ರದ ಹೆಸರು 'ಕಾಗಜ್ ಕೇ ಫೂಲ್'. ಎಂದರೆ ಕಾಗದದ ಹೂಗಳು. 1959ರಲ್ಲಿ ತೆರೆಕಂಡ ಹಿಂದಿ ಚಿತ್ರ. ನಿರ್ಮಾಪಕರು, ನಿರ್ದೇಶಕರು, ನಾಯಕರು ಮೂವರೂ ಗುರುದತ್ ಒಬ್ಬರೇ. ಚಿತ್ರಕಥೆ ಸಂಭಾಷಣೆ ಅಬ್ರಾರ್ ಅಲ್ವಿಯವರದು, ಸಂಗೀತ ಸಚಿನ್ ದೇವ್ ಬರ್ಮನ್ ಅವರದು, ಹಾಡುಗಳು ಕೈಫಿ ಆಜ್ಮಿಯವರವು. ನಾಯಕಿ ವಹೀದಾ ರೆಹಮಾನ್. ಛಾಯಾಗ್ರಾಹಕರು ಮೈಸೂರಿನ ವಿ. ಕೆ. ಮೂರ್ತಿ. ಭಾರತದಲ್ಲಿ ಸಿನಿಮಾಸ್ಕೋಪ್ ಎಂಬ ಅಗಲ ತೆರೆಯ ವಿಧಾನದಲ್ಲಿ ತಯಾರಾದ ಮೊದಲ ಚಿತ್ರ ಇದು. ಎರಡು ವರ್ಷ ಹಿಂದೆ, 1957ರಲ್ಲಿ, 'ಪ್ಯಾಸಾ' ಚಿತ್ರದಿಂದ ಜನಮನವನ್ನು ಗೆದ್ದಿದ್ದ ಗುರುದತ್ತರ ಈ ಚಿತ್ರವನ್ನು ಜನ ಒಪ್ಪಲಿಲ್ಲ. ಸೋಲು ಎಷ್ಟು ದೊಡ್ಡದೆಂದರೆ, ಆಮೇಲೆ ಅವರು ಚಿತ್ರಗಳನ್ನು ನಿರ್ಮಿಸಿದರು, ಪಾತ್ರಗಳನ್ನು ವಹಿಸಿದರು. ಆದರೆ ನಿರ್ದೇಶಕನೆಂದು ತಮ್ಮ ಹೆಸರನ್ನು ಮತ್ತೆ ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಕಥೆಯನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ಮುದುಕನೊಬ್ಬ ಚಿತ್ರೀಕರಣದ ಸ್ಟುಡಿಯೋ ಒಂದನ್ನು ಪ್ರವೇಶಿಸಿ, ದೀಪಗಳನ್ನು ಕಟ್ಟುವ ಎತ್ತರದ ಅಟ್ಟಕ್ಕೆ ಹತ್ತಿ, ಕೆಳಗೆ ನೋಡುತ್ತಾನೆ. ಅಲ್ಲಿಂದ ಕಥೆ ಹಿಂದಕ್ಕೆ ಸರಿಯುತ್ತದೆ. ಈ ಮುದುಕನೇ ಒಂದು ಕಾಲದ ಪ್ರಸಿದ್ಧ ನಿರ್ದೇಶಕ ಸುರೇಶ್ ಸಿನ್ಹಾ. ಹೆಂಡತಿಯ ತೌರು ಮನೆಯವರು ದಿಲ್ಲಿಯ ದೊಡ್ಡ ಮನುಷ್ಯರು. ಸಿನಿಮಾ ಮಂದಿ ಎಂದರೆ ಅವರಿಗೆ ತಾತ್ಸಾರ. ಹೆಂಡತಿ ಬೇರೆಯಾಗಿದ್ದಾಳೆ, ಮಗಳು ದೂರದ ಡೆಹ್ರಾಡೂನಿನ ವಸತಿಶಾಲೆಯಲ್ಲಿದ್ದಾಳೆ. ಒಂದು ಮಳೆಯ ರಾತ್ರಿ ಮರದ ಕೆಳಗೆ ನಿಂತ ಅಪರಿಚಿತ ಹುಡುಗಿಗೆ ಸುರೇಶ ತನ್ನ ಕೋಟನ್ನು ಕೊಟ್ಟು ಹೋಗುತ್ತಾನೆ. ಕೋಟನ್ನು ಹಿಂದಿರುಗಿಸಲು ಸ್ಟುಡಿಯೋಗೆ ಬಂದ ಆ ಹುಡುಗಿ, ಶಾಂತಿ, ಅರಿಯದೆ ಕ್ಯಾಮರಾದ ಎದುರಿಗೆ ನಡೆದುಬಿಡುತ್ತಾಳೆ. ಆ ತುಣುಕನ್ನು ನೋಡಿದ ಸುರೇಶನಿಗೆ ತನ್ನ 'ದೇವದಾಸ್' ಚಿತ್ರದ ಪಾರೋ ಸಿಕ್ಕಳೆನಿಸುತ್ತದೆ. ಅವಳು ತಾರೆಯಾಗುತ್ತಾಳೆ. ಅವರಿಬ್ಬರಲ್ಲಿ ಬೆಳೆದ ಸ್ನೇಹ ಊರಿನ ಬಾಯಿಗೆ ಬೀಳುತ್ತದೆ. ಶಾಲೆಯಲ್ಲಿ ಗೆಳತಿಯರ ಚುಚ್ಚುಮಾತಿನಿಂದ ನೊಂದ ಮಗಳು ಶಾಂತಿಯ ಬಳಿಗೆ ಬಂದು, ತಂದೆಯ ಬಾಳಿನಿಂದ ಸರಿಯುವಂತೆ ಬೇಡುತ್ತಾಳೆ. ಶಾಂತಿ ಚಿತ್ರರಂಗವನ್ನೇ ಬಿಟ್ಟು ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೆ. ಇತ್ತ ಸುರೇಶ ನ್ಯಾಯಾಲಯದಲ್ಲಿ ಮಗಳನ್ನೂ ಕಳೆದುಕೊಂಡು, ಕುಡಿತಕ್ಕೆ ಬಿದ್ದು, ಚಿತ್ರಗಳು ಸೋತು, ಮನೆಯೂ ಹರಾಜಾಗಿ ಬೀದಿಗೆ ಬರುತ್ತಾನೆ. ಕರಾರಿನ ಬಲದಿಂದ ಮತ್ತೆ ಚಿತ್ರರಂಗಕ್ಕೆ ಎಳೆತರಲ್ಪಟ್ಟ ಶಾಂತಿ, ಅವನೇ ನಿರ್ದೇಶಿಸಲಿ ಎಂದು ಹಟ ಹಿಡಿದರೂ ಅವನ ಅಭಿಮಾನ ಅಡ್ಡ ಬರುತ್ತದೆ. ಕೊನೆಗೆ ಅವನು ಬಂದು ಸೇರುವುದು ಆ ಸ್ಟುಡಿಯೋವನ್ನೇ. ಬರಿದಾದ ಅಂಗಳದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆ ಕುಳಿತು ಪ್ರಾಣ ಬಿಡುತ್ತಾನೆ.

ಈ ಚಿತ್ರವನ್ನು ನಾನು ಮೂರು ಬಾರಿ ನೋಡಿದ್ದೇನೆ. ಮೂರು ಬಾರಿಯೂ ನೋಡಿದ್ದು ಬೇರೆ ಬೇರೆ ಚಿತ್ರ ಎಂದರೆ ತಪ್ಪಾಗಲಾರದು.

ಮೊದಲನೆಯದು 1983ರಲ್ಲಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ದಿನಗಳು. ಚಿತ್ರಾಸಕ್ತ ಗೆಳೆಯರ ಕೂಟವೊಂದು ಪ್ರದರ್ಶನ ಏರ್ಪಡಿಸಿತ್ತು. ಸಿನಿಮಾಸ್ಕೋಪಿನ ಮರ್ಮ ಇಷ್ಟು: ಚಿತ್ರೀಕರಣದಲ್ಲಿ ಒಂದು ವಿಶೇಷ ಮಸೂರವು ಅಗಲವಾದ ನೋಟವನ್ನು ಹಿಂಡಿ ಸಾಮಾನ್ಯ ಫಿಲ್ಮಿನ ಚೌಕಟ್ಟಿನೊಳಕ್ಕೆ ಕೂರಿಸುತ್ತದೆ, ಪ್ರದರ್ಶನದಲ್ಲಿ ಅಂಥದೇ ಇನ್ನೊಂದು ಮಸೂರವು ಅದನ್ನು ಮತ್ತೆ ಅಗಲಿಸಿ ತೆರೆಯ ಮೇಲೆ ಹರಡುತ್ತದೆ. ಆಗ ಎತ್ತರದ ಎರಡೂಕಾಲು ಪಟ್ಟಿಗಿಂತ ಹೆಚ್ಚು ಅಗಲದ ಚಿತ್ರ ಮೂಡುತ್ತದೆ. ನಮ್ಮ ಗೆಳೆಯರು ಫಿಲ್ಮಿನ ಸುರುಳಿಗಳನ್ನು ತರಿಸಿದ್ದರು. ಆ ಎರಡನೆಯ ಮಸೂರ ಮಾತ್ರ ಬಂದಿರಲಿಲ್ಲ. ಪರಿಣಾಮವಾಗಿ ತೆರೆಯ ಮೇಲೆ ಎಲ್ಲರೂ ಕಡ್ಡಿಯಂತೆ ನೀಳವಾಗಿ, ಸಪೂರವಾಗಿ ಕಂಡರು. ಸ್ಥೂಲಕಾಯದ ಟುನ್ ಟುನ್ ಕೂಡ ಉಪವಾಸದಿಂದ ಎದ್ದು ಬಂದವರಂತೆ ಕಂಡರು. ನಾವು ನಕ್ಕೆವು. ಅಳಬೇಕಾದಲ್ಲಿಯೂ ನಕ್ಕೆವು. ಹಾಡುಗಳು ಮಾತ್ರ ಕಿವಿಯಲ್ಲಿ ಉಳಿದವು.

ಎರಡನೆಯ ಬಾರಿ ನೋಡಿದ್ದು ದೂರದರ್ಶನದ ಕಾಲದಲ್ಲಿ, ನಮ್ಮ ಮನೆಯ ಸಣ್ಣ ಪೆಟ್ಟಿಗೆಯಲ್ಲಿ. ಈ ಸಲ ಮನುಷ್ಯರು ಮನುಷ್ಯರಂತೆಯೇ ಕಂಡರು. ಆದರೆ ಅಗಲದ ಚಿತ್ರವನ್ನು ಚೌಕದ ಪೆಟ್ಟಿಗೆಗೆ ಹೊಂದಿಸಲು ಎರಡು ಬದಿಗಳನ್ನೂ ಕತ್ತರಿಸಿದ್ದರು. ಆ ಸಂಗತಿ ಅಂದು ನನಗೆ ತಿಳಿದಿರಲಿಲ್ಲ. ಚೌಕಟ್ಟಿನಲ್ಲಿ ಉಳಿದದ್ದು ನಾಯಕನ ಮುಖ. ಮತ್ತೆ ಮತ್ತೆ ನಾಯಕನ ಮುಖ. ಅವನ ನೋವು, ಅವನ ಕುಡಿತ, ಅವನ ಗಡ್ಡ. ಚಿತ್ರ ಮುಗಿದಾಗ ನನ್ನಲ್ಲಿ ಒಂದು ತೀರ್ಮಾನ ಗಟ್ಟಿಯಾಯಿತು: ಇದು ತನ್ನ ಮೇಲೆ ತಾನೇ ಮರುಕಪಡುವ ಮನುಷ್ಯನ ಕಥೆ.

ಆ ತೀರ್ಮಾನವನ್ನು ನಾನು ತರಗತಿಗೆ ಹೊತ್ತುಕೊಂಡು ಹೋದೆ. ವರ್ಷ 2004 ಇರಬೇಕು. ರನ್ನನ 'ಗದಾಯುದ್ಧ'ವನ್ನು ಪಾಠ ಮಾಡುತ್ತಿದ್ದೆ. ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗ. ಕನ್ನಡ ಬಲ್ಲವರಿಗೆ ಆ ಭಾಗದ ಹಿರಿಮೆಯನ್ನು ಹೇಳಬೇಕಾಗಿಲ್ಲ. ದ್ರೋಣನನ್ನು ಕಂಡು, ಮಗ ಲಕ್ಷಣಕುಮಾರನನ್ನು ಕಂಡು, ದುಶ್ಶಾಸನನನ್ನು ಕಂಡು, ಕರ್ಣನನ್ನು ಕಂಡು ಅವನು ಕರಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. 'ನೋಡಿ,' ಎಂದೆ ನಾನು, 'ರನ್ನನ ದುರ್ಯೋಧನ ದೊಡ್ಡವನಾಗುವುದು ಅವನು ಇತರರಿಗಾಗಿ ಅಳುವುದರಿಂದ. ತನಗಾಗಿ ತಾನು ಅಳುವವನು ಕರುಣರಸಕ್ಕೆ ಪಾತ್ರನಲ್ಲ, ಬರಿಯ ಕನಿಕರಕ್ಕೆ ಪಾತ್ರ. ಹಿಂದಿಯಲ್ಲಿ ಒಂದು ಚಿತ್ರವುಂಟು, ಕಾಗಜ್ ಕೇ ಫೂಲ್...' ಎಂದು ಮೇಲೆ ಹೇಳಿದ ತೀರ್ಪನ್ನು ಕೊಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಚ್ಚು ಮಾತನಾಡುವವಳಲ್ಲ. 'ಸಾರ್, ಕೊನೆಯಲ್ಲಿ ಅವನು ನೋಡೋದು ತನ್ನನ್ನಲ್ಲ ಅಲ್ವಾ ಸಾರ್, ಸ್ಟುಡಿಯೋನ. ನೀವು ಆ ಪಿಕ್ಚರ್ ಪೂರ್ತಿ ನೋಡಿದೀರಾ?' ಎಂದು ಕೇಳಿದಳು.

ತರಗತಿಯಲ್ಲಿ ಕಿಸಕ್ಕೆಂದು ನಗೆ ಎದ್ದಿತು. ನನಗೆ ಸಿಟ್ಟು ಬಂತು. 'ನಾನು ನೋಡದೆ ಮಾತನಾಡುವವನಲ್ಲಮ್ಮ, ಕೂತ್ಕೊ' ಎಂದೆ. ಅವಳು ಕುಳಿತಳು. ವರ್ಷವಿಡೀ ಮತ್ತೆ ಅವಳು ಪ್ರಶ್ನೆ ಕೇಳಿದ ನೆನಪಿಲ್ಲ.

ಮೂರನೆಯ ನೋಟ ನಿವೃತ್ತಿಯಾದ ಮೇಲೆ, ಮಗನ ಮನೆಯಲ್ಲಿ. ಗೋಡೆಯ ಮೇಲಿನ ದೊಡ್ಡ ಟಿ.ವಿ.ಯಲ್ಲಿ ಚಿತ್ರ ಆರಂಭವಾದಾಗ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಕಂಡವು. ಯಂತ್ರ ಕೆಟ್ಟಿದೆಯೆಂದು ಮಗನನ್ನು ಕೂಗಿದೆ. 'ಕೆಟ್ಟಿಲ್ಲಪ್ಪ, ಪಿಕ್ಚರ್ ಇರೋದೇ ಅಷ್ಟಗಲ. ಹಾಗೆ ಬಿಟ್ರೇನೇ ಪೂರ್ತಿ ಕಾಣೋದು' ಎಂದ ಅವನು. ಪೂರ್ತಿ! ಇಪ್ಪತ್ತು ವರ್ಷದ ಹಿಂದೆ ಕೇಳಿದ್ದ ಆ ಪದ ಮತ್ತೆ ಕಿವಿಗೆ ಬಿತ್ತು. ಆ ಹುಡುಗಿ ನನ್ನನ್ನು ಹೀಯಾಳಿಸಿರಲಿಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು. ನಾನು ಆ ಚಿತ್ರವನ್ನು ಅಂದಿನವರೆಗೆ ಪೂರ್ತಿ ನೋಡಿಯೇ ಇರಲಿಲ್ಲ.

ಪೂರ್ತಿ ನೋಡಿದಾಗ ಕಂಡದ್ದೇನು ಎಂಬುದನ್ನು ಈಗ ಹೇಳಬೇಕು. ಕಂಡದ್ದು ಮುಖ್ಯವಾಗಿ ಖಾಲಿ ಜಾಗ. ಮುಖಗಳ ಸುತ್ತ, ಮನುಷ್ಯರ ನಡುವೆ, ಅವರ ತಲೆಯ ಮೇಲೆ ಹರಡಿದ ಸ್ಟುಡಿಯೋದ ಕತ್ತಲೆ. ಏಣಿಗಳು, ಹಗ್ಗಗಳು, ಆರಿದ ದೀಪಗಳು, ಅರ್ಧ ಕಟ್ಟಿದ ಗೋಡೆಗಳು. ಚಿತ್ರದ ಬಹುಭಾಗದಲ್ಲಿ ಮನುಷ್ಯ ಚೌಕಟ್ಟಿನ ಒಂದು ಮೂಲೆಯಲ್ಲಿದ್ದಾನೆ. ಉಳಿದ ಅಗಲವೆಲ್ಲ ಅವನ ಕಾರ್ಯಶಾಲೆಯದು. ಬದಿಗಳನ್ನು ಕತ್ತರಿಸಿದವರು ಕತ್ತರಿಸಿದ್ದು ಈ ಕಾರ್ಯಶಾಲೆಯನ್ನು. ಉಳಿಸಿದ್ದು ಮುಖವನ್ನು. ನಾನು ಆ ಮುಖವನ್ನು ಮಾತ್ರ ನೋಡಿ ಸ್ವಾನುಕಂಪವೆಂದು ಕರೆದಿದ್ದೆ.

ಈ ಅಗಲದ ಅರ್ಥ ಪೂರ್ಣವಾಗಿ ಹೊಳೆಯುವುದು ಗೀತಾ ದತ್ ಹಾಡಿರುವ ಪ್ರಸಿದ್ಧ ಗೀತೆಯ ದೃಶ್ಯದಲ್ಲಿ. ಕತ್ತಲು ತುಂಬಿದ ಸ್ಟುಡಿಯೋದಲ್ಲಿ ಸುರೇಶ ಒಂದು ಕಡೆ, ಶಾಂತಿ ಇನ್ನೊಂದು ಕಡೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಹಾಡು ಎಲ್ಲಿಂದಲೋ ಕೇಳಿಬರುತ್ತದೆ. ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಓರೆಯಾಗಿ ನೆಲಕ್ಕೆ ಇಳಿದಿದೆ. ದೇಹಗಳು ನಿಂತಲ್ಲೇ ನಿಂತಿರಲು, ಅವುಗಳಿಂದ ನೆರಳಿನಂಥ ಎರಡು ಆಕೃತಿಗಳು ಹೊರಟು ಆ ಬೆಳಕಿನಲ್ಲಿ ಒಂದನ್ನೊಂದು ಸಂಧಿಸುತ್ತವೆ. ದೇಹಗಳು ಮಾತ್ರ ಒಂದು ಹೆಜ್ಜೆಯನ್ನೂ ಇಡವು. ಈ ಚಿತ್ರದ ಪ್ರೇಮಕಥೆಯೆಲ್ಲ ಇಷ್ಟೇ. 'ಪ್ರೀತಿಸುತ್ತೇನೆ' ಎಂದು ಬಾಯಿಬಿಟ್ಟು ಹೇಳಿದ್ದರೆ ಅದು ವಾಚ್ಯವಾಗುತ್ತಿತ್ತು. ಇಲ್ಲಿ ಅದು ಧ್ವನಿ. ಆನಂದವರ್ಧನನ ಶಾಸ್ತ್ರವನ್ನು ಮೂವತ್ತು ವರ್ಷ ಬೋಧಿಸಿದ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕೈಯಳತೆಯಲ್ಲೇ ಇತ್ತು. ಅದನ್ನು ಕೆಟ್ಟದ್ದರ ಉದಾಹರಣೆಯಾಗಿ ಬಳಸಿದೆನಲ್ಲ ಎಂಬ ನಾಚಿಕೆ ಈಗಲೂ ಹೋಗಿಲ್ಲ.

ಆ ಬೆಳಕಿನ ಕೋಲಿನ ಹಿಂದೆ ಕನ್ನಡಿಗರೊಬ್ಬರ ಕೈಯಿದೆ. ಸಿನಿಮಾದ ದೀಪಗಳಿಂದ ಹಾಯಿಸಿದ ಬೆಳಕು ದೂರ ಹೋದಂತೆ ಅಗಲವಾಗುತ್ತ ಹೋಗುತ್ತದೆ. ಸೂರ್ಯನ ಕಿರಣಗಳು ಹಾಗಲ್ಲ, ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಗುರುದತ್ತರಿಗೆ ಬೇಕಾಗಿದ್ದದ್ದು ಸೂರ್ಯನ ಬೆಳಕು. ಆದರೆ ದೃಶ್ಯ ಇರುವುದು ಮುಚ್ಚಿದ ಸ್ಟುಡಿಯೋದ ಒಳಗೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಹಿಡಿಸಿದರು. ಅದು ಎಸೆದ ಬಿಸಿಲನ್ನು ಇನ್ನೊಂದು ಕನ್ನಡಿಯು ಮೇಲಿನಿಂದ ಒಳಗಿನ ಕತ್ತಲೆಗೆ ತಿರುಗಿಸಿತು. ಬೆಳಕಿನ ದಾರಿ ಕಣ್ಣಿಗೆ ಕಾಣುವಂತೆ ಗಾಳಿಯಲ್ಲಿ ತುಸು ಹೊಗೆ. ಇಷ್ಟೇ ಉಪಕರಣ. ಬಾಲ್ಯದಲ್ಲಿ ಕೈಗನ್ನಡಿಯಿಂದ ಬಿಸಿಲನ್ನು ಎದುರುಮನೆಯ ಗೋಡೆಗೆ ಹಾಯಿಸಿ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಅದೇ ಆಟ ಇಲ್ಲಿ ಭಾರತೀಯ ಚಿತ್ರಕಲೆಯ ಅತ್ಯಂತ ಸ್ಮರಣೀಯ ಕ್ಷಣಗಳಲ್ಲಿ ಒಂದಾಯಿತು.

ಮೂರ್ತಿಯವರ ಪೂರ್ಣ ಹೆಸರು ವೆಂಕಟರಾಮ ಪಂಡಿತ ಕೃಷ್ಣಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಪಿಟೀಲು ಕಲಿತವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. 1951ರಲ್ಲಿ ಗುರುದತ್ತರ ಮೊದಲ ನಿರ್ದೇಶನದ 'ಬಾಜಿ' ತಯಾರಾಗುತ್ತಿದ್ದಾಗ ಮೂರ್ತಿ ಅಲ್ಲಿ ಕ್ಯಾಮರಾ ಸಹಾಯಕರು. ಒಂದು ಕಷ್ಟದ ಚಿತ್ರಿಕೆಯನ್ನು ಹೀಗೆ ತೆಗೆಯಬಹುದೆಂದು ಅವರು ಸೂಚಿಸಿ, ತೆಗೆದೂ ತೋರಿಸಿದರು. ಮರುವರ್ಷದ 'ಜಾಲ್' ಚಿತ್ರಕ್ಕೆ ಅವರೇ ಛಾಯಾಗ್ರಾಹಕರಾದರು. ಅಲ್ಲಿಂದ ಆ ಜೊತೆ ಮುರಿಯಲಿಲ್ಲ.

ಗುರುದತ್ತರೂ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆತನದ ಹೆಸರು ಪಡುಕೋಣೆ. ಬೆಳೆದದ್ದು ಕಲ್ಕತ್ತೆಯಲ್ಲಿ, ನೃತ್ಯ ಕಲಿತದ್ದು ಅಲ್ಮೋರದಲ್ಲಿ ಉದಯಶಂಕರರ ಬಳಿ. ತಾಯಿ ವಾಸಂತಿ ಪಡುಕೋಣೆಯವರು ಮಗನನ್ನು ಕುರಿತು ಪುಸ್ತಕ ಬರೆದಾಗ ಅದನ್ನು ಬರೆದದ್ದು ಕನ್ನಡದಲ್ಲಿ. ಹೀಗೆಂದು ಈ ಚಿತ್ರವನ್ನು ನಮ್ಮದೆಂದು ಎಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಅದು ಬಂಗಾಳದ ಭಾವ, ಉರ್ದುವಿನ ಬನಿ, ಮುಂಬಯಿಯ ಶ್ರಮ ಇವೆಲ್ಲ ಕೂಡಿ ಆದದ್ದು. ಆದರೆ ನಮ್ಮ ನೆಲದಲ್ಲಿ ಹುಟ್ಟಿದ ಇಬ್ಬರು ಎಲ್ಲೋ ಸಂಧಿಸಿ ಬೇರೊಂದು ಭಾಷೆಯ ಕಲೆಗೆ ಬೆಳಕು ಕೊಟ್ಟರೆಂಬುದನ್ನು ನಾವು ಮರೆಯಬೇಕಾಗಿಯೂ ಇಲ್ಲ.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಕೊನೆಯಲ್ಲಿ ಸುರೇಶ ನೋಡುವುದು ಸ್ಟುಡಿಯೋವನ್ನು ಎಂದಳು ಅವಳು. ಸ್ಟುಡಿಯೋ ಎಂದರೆ ಏನು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆಯನ್ನು ಕೆದಕಬೇಕು.

1930ರ ದಶಕದ ಭಾರತದಲ್ಲಿ ಚಿತ್ರಗಳನ್ನು ತಯಾರಿಸುತ್ತಿದ್ದವು ದೊಡ್ಡ ದೊಡ್ಡ ಸಂಸ್ಥೆಗಳು. ಕಲ್ಕತ್ತೆಯ ನ್ಯೂ ಥಿಯೇಟರ್ಸ್, ಪುಣೆಯ ಪ್ರಭಾತ್, ಮುಂಬಯಿಯ ಬಾಂಬೆ ಟಾಕೀಸ್ ಇವು ಅವುಗಳಲ್ಲಿ ಹೆಸರಾದವು. ನಿರ್ದೇಶಕ, ನಟ, ಸಂಗೀತಗಾರ, ಬಡಗಿ, ದೀಪದವ ಎಲ್ಲರೂ ಒಂದೇ ಸೂರಿನ ಕೆಳಗೆ ತಿಂಗಳ ಸಂಬಳದ ಮೇಲೆ ದುಡಿಯುತ್ತಿದ್ದರು. ಒಂದು ಅವಿಭಕ್ತ ಕುಟುಂಬದ ಹಾಗೆ. ಅದರ ಸುಖವೂ ಇತ್ತು, ಅದರ ಕಿರಿಕಿರಿಯೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೆಕ್ಕಕ್ಕೆ ಸಿಗದ ಹಣ ಚಿತ್ರರಂಗಕ್ಕೆ ಹರಿಯಿತು. ಸ್ವತಂತ್ರ ನಿರ್ಮಾಪಕರು ಹುಟ್ಟಿಕೊಂಡು, ತಾರೆಯರನ್ನು ಚಿತ್ರಕ್ಕೆ ಇಷ್ಟು ಎಂದು ಗೊತ್ತುಮಾಡಿ ಕೊಂಡುಕೊಂಡರು. ಸಂಬಳದ ಸಂಸ್ಥೆಗಳು ಆ ಪೈಪೋಟಿಯಲ್ಲಿ ನಿಲ್ಲಲಿಲ್ಲ. 1950ರ ದಶಕದ ನಡುವಿನ ಹೊತ್ತಿಗೆ ಈ ಮೂರರ ವೈಭವವೂ ಮುಗಿದಿತ್ತು. ಪ್ರಭಾತಿನ ಅಂಗಳದಲ್ಲಿ 1960ರಲ್ಲಿ ಸರ್ಕಾರದ ಚಲನಚಿತ್ರ ಶಿಕ್ಷಣ ಸಂಸ್ಥೆ ಆರಂಭವಾಯಿತು.

ಗುರುದತ್ ಈ ಅಳಿವನ್ನು ಹತ್ತಿರದಿಂದ ಕಂಡವರು. 1944ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಅದೇ ಪ್ರಭಾತ್ ಸಂಸ್ಥೆಗೆ. ಆಮೇಲೆ ಬಾಂಬೆ ಟಾಕೀಸಿನ ಹಿರಿಯ ನಿರ್ದೇಶಕ ಜ್ಞಾನ್ ಮುಖರ್ಜಿಯವರ ಕೈಕೆಳಗೆ ಸಹಾಯಕರಾಗಿದ್ದರು. ಈ ಮುಖರ್ಜಿ ಸಾಮಾನ್ಯರಲ್ಲ; 1943ರ ಅವರ 'ಕಿಸ್ಮತ್' ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ. ಆ ಯಶಸ್ಸು ಅವರ ಬಾಳಿನ ಕೊನೆಯವರೆಗೆ ಉಳಿಯಲಿಲ್ಲ. 1956ರಲ್ಲಿ ಅವರು ತೀರಿಕೊಂಡರು. ಮರುವರ್ಷ ಗುರುದತ್ ತಮ್ಮ 'ಪ್ಯಾಸಾ'ವನ್ನು ಅವರ ನೆನಪಿಗೆ ಅರ್ಪಿಸಿದರು. ಅದರ ಬೆನ್ನಿಗೇ ನಿರ್ದೇಶಿಸಿದ ಚಿತ್ರ 'ಕಾಗಜ್ ಕೇ ಫೂಲ್'. ಸುರೇಶ್ ಸಿನ್ಹಾನಲ್ಲಿ ಮುಖರ್ಜಿಯವರ ನೆರಳಿದೆಯೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಸುರೇಶ ಚಿತ್ರದಲ್ಲಿ ನಿರ್ದೇಶಿಸುವುದು 'ದೇವದಾಸ್'. ಅದು 1935ರಲ್ಲಿ ನ್ಯೂ ಥಿಯೇಟರ್ಸ್ ಸಂಸ್ಥೆಗೆ ಪ್ರಮಥೇಶ್ ಬರುವಾ ಅವರಿಂದ ಕೀರ್ತಿ ತಂದ ಕಥೆ. ಇವೆಲ್ಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಹೀಗೆ ನೋಡಿದಾಗ ಚಿತ್ರದ ಅರ್ಥವೇ ಬದಲಾಗುತ್ತದೆ. ಗುರುದತ್ತರ ಅಕಾಲ ಮರಣದ ಬಳಿಕ, 'ತನ್ನ ಅಂತ್ಯವನ್ನು ತಾನೇ ಮೊದಲು ಬರೆದಿಟ್ಟ ಕಲಾವಿದ' ಎಂಬ ಮಾತು ಹುಟ್ಟಿ ಬೆಳೆದುಬಿಟ್ಟಿತು. ಅವರ ಸಂಸಾರದ ತೊಡಕುಗಳನ್ನು ಚಿತ್ರದ ಪಾತ್ರಗಳಿಗೆ ಒಂದೊಂದಾಗಿ ಜೋಡಿಸುವ ಚಟವೂ ಬೆಳೆಯಿತು. ಹಾಡಿದವರು ಹೆಂಡತಿ, ಅಭಿನಯಿಸಿದವರು ಮತ್ತೊಬ್ಬರು ಎಂದು ಕಣ್ಣು ಮಿಟುಕಿಸುವವರಿಗೆ ಕಡಿಮೆಯಿಲ್ಲ. ಈ ಓದಿನಲ್ಲಿ ನನಗೆ ಎರಡು ಆಕ್ಷೇಪಣೆಗಳುಂಟು. 1959ರಲ್ಲಿ ಆ ಚಿತ್ರ ಮಾಡಿದವರಿಗೆ 1964 ಗೊತ್ತಿರಲಿಲ್ಲ. ಕೃತಿಯನ್ನು ಕರ್ತೃವಿನ ಸಾವಿನಿಂದ ಹಿಂದಕ್ಕೆ ಓದುವುದು ವಿಮರ್ಶೆಯಲ್ಲ, ಜಾತಕ. ಎರಡನೆಯದಾಗಿ, ಅದು ಇಡೀ ಚಿತ್ರವನ್ನು ಮತ್ತೆ ನಾಯಕನ ಮುಖಕ್ಕೆ ಕತ್ತರಿಸಿಬಿಡುತ್ತದೆ. ನಮ್ಮ ಮನೆಯ ಹಳೆಯ ಪೆಟ್ಟಿಗೆ ಮಾಡಿದ ಕೆಲಸವೂ ಅದೇ.

ಅಗಲವಾಗಿ ನೋಡಿದರೆ ಕಾಣುವುದು ಬೇರೆ. ರನ್ನ ತನ್ನ ಕಾವ್ಯದಲ್ಲಿ ಭಾರತದ ಕಥೆಯನ್ನೆಲ್ಲ ಕೊನೆಯ ಯುದ್ಧದ ನೆಲೆಯಿಂದ ಸಿಂಹಾವಲೋಕನ ಕ್ರಮದಲ್ಲಿ ಹೇಳಿದ. ಸಿಂಹ ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವ ಹಾಗೆ. ಗುರುದತ್ತರು ಕಥೆ ಹೇಳುವುದೂ ಹಾಗೆಯೇ, ಸ್ಟುಡಿಯೋದ ಅಟ್ಟದ ಮೇಲೆ ನಿಂತ ಮುದುಕನ ಹಿನ್ನೋಟದಿಂದ. ದುರ್ಯೋಧನನ ಮುಂದೆ ಕುರುಕ್ಷೇತ್ರ ಹಾಸಿಕೊಂಡಿದೆ. ಸುರೇಶನ ಮುಂದೆ ಬರಿದಾದ ಚಿತ್ರಶಾಲೆ ಹಾಸಿಕೊಂಡಿದೆ. ಅಲ್ಲಿ ಬಿದ್ದಿರುವವರು ಗುರು, ಮಗ, ತಮ್ಮ, ಗೆಳೆಯ. ಇಲ್ಲಿ ಆರಿರುವುವು ಒಂದು ಕಾಲದ ದೀಪಗಳು. ಅವನು ಅಳುವುದಿದ್ದರೆ ಅದು ತನಗಾಗಿ ಮಾತ್ರವಲ್ಲ. ತನ್ನನ್ನು ಬೆಳೆಸಿದ, ತನಗಿಂತ ಮೊದಲೇ ಅಳಿದ ಒಂದು ಕುಲಕ್ಕಾಗಿ. ನಾನು ರನ್ನನಲ್ಲಿದೆ, ಗುರುದತ್ತರಲ್ಲಿ ಇಲ್ಲ ಎಂದು ಸಾರಿದ ಗುಣ ಇಬ್ಬರಲ್ಲಿಯೂ ಇತ್ತು. ಹೋಲಿಕೆ ಸರಿಯಾದದ್ದೇ ಆಗಿತ್ತು, ತೀರ್ಪು ತಿರುಗುಮುರುಗಾಗಿತ್ತು.

ಶೃಂಗಾರದ ಮಾತನ್ನೂ ಇಲ್ಲಿಯೇ ಹೇಳಬೇಕು. ವಿಪ್ರಲಂಭಕ್ಕೂ ಕರುಣಕ್ಕೂ ಭರತಮುನಿ ಒಂದು ಗೆರೆ ಎಳೆದಿದ್ದಾನೆ: ಮರಳಿ ಸೇರುವ ನಿರೀಕ್ಷೆ ಉಳಿದಿದ್ದರೆ ವಿಪ್ರಲಂಭ, ಅಳಿದರೆ ಕರುಣ. ಈ ಚಿತ್ರ ಆ ಗೆರೆಯನ್ನು ದಾಟುವ ಕ್ಷಣ ನಿಖರವಾಗಿ ಕಾಣಿಸುತ್ತದೆ. ಹೊಟ್ಟೆಪಾಡಿಗಾಗಿ ಸಣ್ಣ ವೇಷಕ್ಕೆ ಬಂದ ಸುರೇಶನನ್ನು ಶಾಂತಿ ಗುರುತಿಸುತ್ತಾಳೆ. ಹಿಂದೆ ತಾನೇ ಹೆಣೆದುಕೊಟ್ಟ ಸ್ವೆಟರು ಹರಿದು ಅವನ ಮೈಮೇಲಿದೆ. ಅವನು ಓಡುತ್ತಾನೆ. ಅವಳು ಬೆನ್ನಟ್ಟುತ್ತಾಳೆ. ಆದರೆ ಬಾಗಿಲ ಬಳಿ ಅಭಿಮಾನಿಗಳ ಗುಂಪು ತಾರೆಯನ್ನು ಮುತ್ತಿಕೊಳ್ಳುತ್ತದೆ. ಮೊದಲಲ್ಲಿ ಸುರೇಶನನ್ನು ಹೀಗೆಯೇ ಮುತ್ತಿದ ಗುಂಪು ಅದು. ಅವಳನ್ನು ತಡೆದದ್ದು ದ್ವೇಷವಲ್ಲ, ಖಳನಾಯಕನಲ್ಲ; ಜನರ ಪ್ರೀತಿ. ಬಾಗಿಲಾಚೆ ಅವನು ಕಾಣೆಯಾಗುತ್ತಾನೆ. ಅಲ್ಲಿಗೆ ನಿರೀಕ್ಷೆ ಮುಗಿಯಿತು.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಜಾನಿ ವಾಕರ್ ಒಳ್ಳೆಯ ನಟರೇ ಆದರೂ, ಭಾವಮೈದುನನ ಹಾಸ್ಯಪ್ರಸಂಗ ಮುಖ್ಯ ಕಥೆಗೆ ಅಂಟಿಕೊಳ್ಳದೆ ತೇಲುತ್ತದೆ. ಹೆಂಡತಿಯ ಮನೆಯವರನ್ನು ಒಂದೇ ಬಣ್ಣದಲ್ಲಿ ಬರೆದಿದ್ದಾರೆ. ಆ ಹೆಂಗಸಿಗೂ ಒಂದು ನೋವಿರಬಹುದೆಂಬ ಕಡೆಗೆ ಚಿತ್ರ ತಿರುಗಿ ನೋಡುವುದಿಲ್ಲ. ಕೊನೆಯ ಭಾಗದಲ್ಲಿ ಕಷ್ಟಗಳು ಒಂದರ ಮೇಲೊಂದು ಬೀಳುವ ರಭಸ ಸಂಯಮವನ್ನು ಮೀರಿದೆ. 1959ರ ಪ್ರೇಕ್ಷಕ ಇದನ್ನು ನಿರಾಕರಿಸಿದ್ದಕ್ಕೆ ಅವನನ್ನು ರಸಹೀನನೆನ್ನುವುದು ಅನ್ಯಾಯ. ತಾನು ನಂಬಿ ಕೈಮುಗಿದ ಮಾಯಾಲೋಕದ ಹಿಂಬದಿಯ ಹಗ್ಗ ಮೊಳೆಗಳನ್ನು ಹಬ್ಬದ ದಿನವೇ ತೋರಿಸಿದರೆ ಯಾರಿಗೆ ತಾನೆ ಹಿತವಾದೀತು?

ಸೋತ ಚಿತ್ರಕ್ಕೂ ಅಂದು ಎರಡು ಗೌರವಗಳು ದೊರೆತವು. ಛಾಯಾಗ್ರಹಣಕ್ಕಾಗಿ ಮೂರ್ತಿಯವರಿಗೂ ಕಲಾನಿರ್ದೇಶನಕ್ಕಾಗಿ ಎಂ. ಆರ್. ಆಚರೇಕರ್ ಅವರಿಗೂ ಫಿಲಂಫೇರ್ ಪ್ರಶಸ್ತಿ ಬಂತು. ಬೆಳಕು ಕೊಟ್ಟವರಿಗೆ ಒಂದು, ಸ್ಟುಡಿಯೋ ಕಟ್ಟಿದವರಿಗೆ ಒಂದು. ಚಿತ್ರದ ನಿಜವಾದ ನಾಯಕರು ಯಾರೆಂದು ಪ್ರಶಸ್ತಿ ಕೊಟ್ಟವರಿಗೆ ತಿಳಿದಿತ್ತೆಂದು ಕಾಣುತ್ತದೆ. ಮೂರ್ತಿಯವರು ಮುಂದೆ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಕ್ಕೆ, ಬಹಳ ವರ್ಷಗಳ ಮೇಲೆ 'ತಮಸ್' ಕಿರುತೆರೆ ಚಿತ್ರಕ್ಕೆ, ಮತ್ತೆ ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ 'ಹೂವು ಹಣ್ಣು' ಚಿತ್ರಕ್ಕೆ ಬೆಳಕು ಹಿಡಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2014ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. 2025ರಲ್ಲಿ ಗುರುದತ್ತರ ಜನ್ಮಶತಮಾನೋತ್ಸವವೂ ಬಂದು ಹೋಯಿತು.

ಚಿತ್ರದ ಕಡೆಯ ದೃಶ್ಯವನ್ನು ಹೇಳಿ ಮುಗಿಸುತ್ತೇನೆ. ಬೆಳಗಾಗಿದೆ. ಕೆಲಸದವರು ಬಂದು ಕುರ್ಚಿಯಲ್ಲಿ ಹೆಣವನ್ನು ಕಂಡು ಬೆಚ್ಚುತ್ತಾರೆ. ನಿರ್ಮಾಪಕ ಗದರುತ್ತಾನೆ, ಹೆಣವನ್ನು ಸಾಗಿಸಿ ಕೆಲಸ ಆರಂಭಿಸುವಂತೆ ಅವಸರಪಡಿಸುತ್ತಾನೆ. ಅವನ ಮಾತು ಕ್ರೂರವಾಗಿದೆ. ಆದರೆ ಅದೇ ಹೊತ್ತಿಗೆ ಕ್ಯಾಮರಾ ಮೇಲೇರುತ್ತದೆ, ದೀಪಗಳು ಹೊತ್ತಿಕೊಳ್ಳುತ್ತವೆ, ಇಡೀ ಸ್ಟುಡಿಯೋ ಬೆಳಕಿನಿಂದ ತುಂಬುತ್ತದೆ. ಕೆಲಸ ಮುಂದುವರಿಯುತ್ತದೆ. ಇದನ್ನು ನಾನು ಹಿಂದೆ ಕೇವಲ ಲೋಕದ ಕೃತಘ್ನತೆಯೆಂದು ತಿಳಿದಿದ್ದೆ. ನಿವೃತ್ತನಾದ ಮೇಲೆ ಹಾಗೆ ಅನ್ನಿಸುವುದಿಲ್ಲ. ಕಾಲೇಜು ಬಿಟ್ಟ ಕೆಲವು ತಿಂಗಳ ಮೇಲೆ ಯಾವುದೋ ಕಾಗದಪತ್ರಕ್ಕಾಗಿ ಅಲ್ಲಿಗೆ ಹೋಗಿದ್ದೆ. ನನ್ನ ಕೊಠಡಿಯ ಬಾಗಿಲು ತೆರೆದಿತ್ತು; ಒಳಗೆ ಕಿರಿಯ ಅಧ್ಯಾಪಕಿಯೊಬ್ಬರು ಪಾಠ ಹೇಳುತ್ತಿದ್ದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬೆಂಚುಗಳ ಮೇಲೆ ಬಿದ್ದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೈಯೆತ್ತಿದರು. ಅಧ್ಯಾಪಕಿ ಮಾತು ನಿಲ್ಲಿಸಿ, 'ಹೇಳಿ' ಎಂದರು.

ನಾನು ಅಂದು ಹೇಳಬೇಕಾಗಿದ್ದದ್ದೂ ಆ ಒಂದೇ ಮಾತು. ನನ್ನ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಈ ಹೊತ್ತು ಅವಳ ಮನೆಯಲ್ಲಿ ರೇಡಿಯೋ ಹಾಡುತ್ತಿದ್ದರೆ, ಅವಳಿಗೆ ನನ್ನ ಉತ್ತರ ಇದು: ಇಲ್ಲಮ್ಮ, ಅಂದು ನಾನು ಪೂರ್ತಿ ನೋಡಿರಲಿಲ್ಲ.

(ಬಾನುಲಿ ಭಾಷಣ, ಆಕಾಶವಾಣಿಯ ಕೃಪೆಯಿಂದ)